ಎರಡೂವರೆ ಬೆರಳು

ಲೆಕ್ಕ ಮಧ್ಯಾಹ್ನವೇ ಮುಗಿದಿತ್ತು:
ಚಂದ್ರನ ವಯಸ್ಸು ಹದಿನೇಳು ಗಂಟೆ,
ಸೂರ್ಯ ಮುಳುಗುವುದು ೬.೩೮ಕ್ಕೆ,
ಆಮೇಲೆ ಮೂವತ್ತನಾಲ್ಕು ನಿಮಿಷ ಚಂದ್ರ ಇರುತ್ತಾನೆ.
ಕಂಡರೂ ಕಂಡಾನು, ಕಾಣದಿದ್ದರೆ ಅವನ ತಪ್ಪಲ್ಲ.
ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಇಷ್ಟನ್ನು ಬರೆದು
ಮಡಚಿ ಪರ್ಸಿಗೆ ಹಾಕಿ
ಉಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು
ಉಳ್ಳಾಲಕ್ಕೆ ಬಂದೆ.

ತಡೆಗೋಡೆಯ ಕಲ್ಲುಗಳ ಮೇಲೆ ಆಗಲೇ ಏಳೆಂಟು ಜನ.
ಮೊಯಿದಿನಬ್ಬ ಬೈನಾಕ್ಯುಲರ್ ತಂದಿದ್ದ,
ಅದರ ಒಂದು ಕಣ್ಣಿಗೆ ಬೂಷ್ಟು.
ವಿಮಾನ ಕಂಡಾಗಲೆಲ್ಲ ಮಕ್ಕಳು ಕೂಗುತ್ತಿದ್ದರು.

ಉಪ್ಪ ಮೂವತ್ತು ವರ್ಷ ಮಂಜಿಯ ಸ್ರಾಂಗು.
ಬಂದರಿನ ದಕ್ಕೆಯಿಂದ ಅಕ್ಕಿ, ಹಂಚು, ಈರುಳ್ಳಿ,
ಒಮ್ಮೆ ವಾಂತಿ ಮಾಡುತ್ತಲೇ ಇದ್ದ ಒಬ್ಬ ಮದುಮಗ,
ಎಲ್ಲವನ್ನೂ ಅಮಿನಿ ದ್ವೀಪಕ್ಕೆ ಮುಟ್ಟಿಸಿದವರು.
ಈಗ ಎರಡೂ ಕಣ್ಣಿಗೆ ದೇರಳಕಟ್ಟೆಯಲ್ಲಿ ಹಾಕಿದ ಮಸೂರ.
ಪಟ್ಟಿ ಬಿಚ್ಚಿದ ದಿನ ನಮ್ಮ ಗೋಡೆ ನೋಡಿ ಕೇಳಿದ್ದರು,
"ಇಷ್ಟು ಕೊಳಕಾಗಿತ್ತಾ?"

ಮಸೂರ ನನ್ನದೇ ಪಾಠ.
ಹಲಗೆಯ ಮೇಲೆ ಕಣ್ಣು ಬರೆದು, ಕಿರಣ ಎಳೆದು,
ರೆಟಿನಾದ ಮೇಲೆ ತಲೆಕೆಳಗಾಗಿ
ಒಂದು ತೆಂಗಿನಮರ ನಿಲ್ಲಿಸಿದ್ದೆ.
ನಿಶ್ಮಿತಾ ಸಾಲ್ಯಾನ್ ಎದ್ದು ಕೇಳಿದಳು:
ಅದನ್ನು ನೆಟ್ಟಗೆ ನೋಡುವವರು ಯಾರು ಮಿಸ್?
ಮೆದುಳು, ಅಂದೆ.
ಮೆದುಳಲ್ಲಿ ಯಾರು?
ಗಂಟೆ ಹೊಡೆಯಿತು.
ಅಷ್ಟು ಕೃತಜ್ಞತೆಯಿಂದ ನಾನು ಚಾಕ್ ಕೆಳಗಿಟ್ಟದ್ದು
ಅದೇ ಮೊದಲು.

ಉತ್ತರ ತಪ್ಪಿರಲಿಲ್ಲ. ನರ, ವಿದ್ಯುತ್ತು,
ಒಳಗೂ ಹೊರಗೂ ಓಡಾಡುವ ಉಪ್ಪಿನ ಕಣಗಳು,
ಎಲ್ಲ ಉಂಟು, ಎಲ್ಲವನ್ನೂ ಅಳೆಯಬಹುದು.
ಅಳೆದದ್ದನ್ನು ಕೂಡಿಸಿದರೆ
ಗೋಡೆ ಕೊಳಕಾಗಿದೆ ಎಂಬ ಅಚ್ಚರಿ
ಯಾವ ಸಾಲಿನಲ್ಲಿ ಬರುತ್ತದೆ?

ಸೂರ್ಯ ಮುಳುಗಿ ಹದಿನೈದು ನಿಮಿಷ.
"ಅಲ್ಲಿ ಉಂಟು," ಅಂದೆ, ಚೀಟಿ ಬಿಡಿಸಿ.
"ನೀರಿನಿಂದ ನಾಲ್ಕೂಮುಕ್ಕಾಲು ಡಿಗ್ರಿ ಮೇಲೆ, ಸ್ವಲ್ಪ ಎಡಕ್ಕೆ."
"ಉಂಟು ಅಂತ ನನಗೂ ಗೊತ್ತುಂಟು ಮಗಳೇ.
ಕಂಡಿತಾ?"

ಕಾಣಲಿಲ್ಲ.
ಮುಷ್ಟಿ ಚಾಚಿದರೆ ಹತ್ತು ಡಿಗ್ರಿ ಎಂದು ಕಲಿಸಹೊರಟೆ,
ಅಷ್ಟರಲ್ಲಿ ಅವರ ಕೈ ಕಡಲ ಮೇಲೆ ಚಾಚಿಯಾಗಿತ್ತು,
ಬೆರಳುಗಳು ಅಡ್ಡಕ್ಕೆ, ಒಂದರ ಮೇಲೊಂದು,
ಧ್ರುವನನ್ನು ಅಳೆದು ಅಮಿನಿ ಹುಡುಕುತ್ತಿದ್ದ ಬೆರಳುಗಳು.
ಒಂದು. ಎರಡು. ಅರ್ಧ.
"ಅಗೋ," ಅಂದರು,
ಹಕ್ಕಿ ಹಾರಿಹೋದೀತೆಂದು ಪಿಸುಗುಡುವವರ ಹಾಗೆ.

ಅವರ ಹೆಗಲಿಗೆ ಕೆನ್ನೆಯಿಟ್ಟು
ತೋಳಿನುದ್ದಕ್ಕೂ ಕಣ್ಣು ಹಾಯಿಸಿದೆ.
ಬೆವರು, ಅತ್ತರು, ಬೆರಳ ತುದಿಯಾಚೆ
ಬಂಗುಡೆಯ ಕಿವಿರಿನ ಕೆಂಪು. ಅಷ್ಟೇ.
ಮೊಯಿದಿನಬ್ಬನಿಗೂ ಅಷ್ಟೇ.

ಆ ಮಸೂರವನ್ನು ಕಡೆದದ್ದು ನನ್ನಂಥವರ ಲೆಕ್ಕ,
ಅದರಲ್ಲಿ ನನಗೆ ಅನುಮಾನವಿಲ್ಲ.
ಅದರ ಹಿಂದೆ ಕೂತು "ಅಗೋ" ಅಂದವರು
ನನ್ನ ಚೀಟಿಯಲ್ಲಿಲ್ಲ.

ಕನ್ನಡದಲ್ಲಿ ಎರಡಕ್ಕೂ ಒಂದೇ ಪದ, ತಿಂಗಳು.
ಒಂದು, ಯಾರೂ ನೋಡದೆಯೂ ಸುತ್ತುತ್ತದೆ.
ಇನ್ನೊಂದು ಶುರುವಾಗಲು
"ಕಂಡೆ" ಅನ್ನುವ ಒಬ್ಬರು ಬೇಕು.
ಇಷ್ಟು ವರ್ಷ ನಾನು ಮೊದಲನೆಯದನ್ನು
ಎರಡನೆಯದರ ಉತ್ತರವೆಂದು ಬರೆಸಿ
ಅಂಕ ಕೊಟ್ಟೆನೇ?

ಉಪ್ಪ ಅಂಗೈ ತೆರೆದು ತುಟಿಯಲ್ಲೇ ದುಆ ಹೇಳಿಕೊಳ್ಳುತ್ತಿದ್ದರು.
ಚೀಟಿಯಲ್ಲಿ ಖಾಲಿ ಇದ್ದ ಕಡೆ ನಾನು ಬರೆದೆ:
೬.೫೪. ಎರಡೂವರೆ ಬೆರಳು.
ಕನ್ನಡಕ ತೆಗೆದು
ಶಾಲಿನ ತುದಿಯಿಂದ ಕಡಲುಪ್ಪು ಒರೆಸಿದೆ.
ಇನ್ನೂ ಹದಿನೆಂಟು ನಿಮಿಷ ಉಂಟು.