ಬಟ್ಟೆ ಲೆಕ್ಕ

ಸೋಮವಾರ, ಗುರುವಾರ ಲಾಂಡ್ರಿ ವ್ಯಾನು ಬರುತ್ತದೆ.
ಹಿಂಬಾಗಿಲಲ್ಲಿ ನಿಂತು ಎಣಿಸುತ್ತೇನೆ:
ಬೆಡ್‌ಶೀಟು ನೂರಾ ನಲವತ್ತು, ದಿಂಬಿನ ಚೀಲ ತೊಂಬತ್ತು,
ಆಪರೇಷನ್ ಕೋಣೆಯ ಹಸಿರು ಬೇರೆ.
ಹರಿದದ್ದಕ್ಕೆ ಅಡ್ಡಗೆರೆ, ಕಲೆ ಉಳಿದದ್ದಕ್ಕೆ ಸೊನ್ನೆ,
ಕೆಳಗೆ ಸಹಿ: ಬೊಳ್ಳವ್ವ, ಹೆಡ್ ನರ್ಸ್.
ಮೂರು ವರ್ಷ. ಒಂದು ದಿನವೂ ಲೆಕ್ಕ ತಪ್ಪಿಲ್ಲ.
ಗೋಣಿಕೊಪ್ಪದಲ್ಲಿ ಇಷ್ಟು ಬಿಳಿ ಹಾಸಿಗೆ
ಇನ್ನೆಲ್ಲೂ ಇಲ್ಲ ಎಂದು
ಹೇಳಿಕೊಂಡು ತಿರುಗಿದವಳೂ ನಾನೇ.

ಜನವರಿ, ಕಾಫಿ ಕುಯ್ಲು.
ಚೀಟಿ ಹಿಡಿದ ಸಾಲಿನಲ್ಲಿ ಮೆಣಸಿನ ಏಣಿಯಿಂದ ಬಿದ್ದವರು,
ಆನೆಗೆ ಹೆದರಿ ಓಡಿ ಮೊಣಕಾಲು ಕಿತ್ತುಕೊಂಡವನು,
ನಡುವೆ ಒಬ್ಬಳು, ಎರಡೂ ಕೈಗೆ
ಪ್ಲಾಸ್ಟಿಕ್ ಕವರು ಕಟ್ಟಿಕೊಂಡು.
ಉತ್ತರವೆಲ್ಲ ಜೊತೆಗಿದ್ದ ಮೇಸ್ತ್ರಿಯದು.
ಹೆಸರು? ಸುನೀತಾ. ವಯಸ್ಸು? ಇಪ್ಪತ್ತೆರಡು.
ಏನಾಯಿತು? ಬಿಸಿನೀರು ಚೆಲ್ಲಿತು.
ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ
ಅದನ್ನೂ ಅವನೇ ಹೇಳಿದ.
ಅಂಗಿ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ
ಆಧಾರ್ ಕಾರ್ಡಿನ ಕಟ್ಟು. ಇಸ್ಪೀಟಿನ ಹಾಗೆ ಬಿಡಿಸಿ
ಒಂದು ತೆಗೆದ. ಫೋಟೊ ಅವಳದಲ್ಲ.
ಮತ್ತೊಂದು ತೆಗೆದ.

ಡ್ರೆಸ್ಸಿಂಗ್ ಕೋಣೆಗೆ ಗಂಡಸರು ಬರುವ ಹಾಗಿಲ್ಲ ಎಂದೆ.
ಅಂಥ ನಿಯಮ ನಮ್ಮಲ್ಲಿ ಇರಲಿಲ್ಲ.
ಆಗ ಹುಟ್ಟಿತು.

ಕವರು ಬಿಚ್ಚಿದರೆ ಬಿಸಿನೀರಿನ ಬೊಬ್ಬೆಯಲ್ಲ,
ಬ್ಲೀಚಿನ ಗಾಯ. ಬೆರಳ ಸಂದಿ ಸಂದಿ ತಿಂದಿದೆ.
"ಅಮ್ಮ್" ಎಂದಳು. "ಅಮ್ಮ್, ಅಮ್ಮ್."
ನರಳುವವರೆಲ್ಲ ಹಾಗೇ ತಾನೆ,
ಇಪ್ಪತ್ತಾರು ವರ್ಷ ಕೇಳಿದ್ದೇನೆ.
ತಲೆ ಸವರಿದೆ. "ಏನು?" ಎಂದೆ.
ಬೆಚ್ಚಿ ನೋಡಿದಳು. ಸುಟ್ಟ ಕೈಯನ್ನೇ
ಎದೆಗೆ ಮುಟ್ಟಿಸಿಕೊಂಡಳು: "ಏನ್."
ನನ್ನ ಕಡೆ ತೋರಿಸಿ: "ನೀನ್."
ಕಣ್ಣು ತೋರಿಸಿದೆ. "ಖನ್ನ್" ಎಂದಳು.
ಬಾಯಿ ತೋರಿಸಿದೆ. "ಬಯಿ."
ಮೈ ಜುಮ್ಮೆಂದಿತು. ಯಾವ ಕಾಲದಲ್ಲಿ
ಯಾವ ದಾರಿಯಲ್ಲಿ ಅಗಲಿ ಹೋದ ದಾಯಾದಿ ಇವಳು?

ಆಮೇಲೆ ಮಾತು ಬೇಕಾಗಲಿಲ್ಲ.
ಎದ್ದು, ಹಾಸಿಗೆಯ ಶೀಟಿನ ತುದಿ ಎತ್ತಿದಳು.
ನಮ್ಮ ಆಸ್ಪತ್ರೆಯ ಕೆಂಪು ದಾರದ ಗುರುತು.
ಅದನ್ನು ತೋರಿಸಿ ಮುಷ್ಟಿಗೆ ಮುಷ್ಟಿ ಉಜ್ಜಿದಳು.
ಬಾಗಿಲ ಕಡೆ ತಿರುಗಿ ಗಾಳಿಯಲ್ಲಿ
ಬೀಗ ತಿರುಗಿಸಿದಳು.
ಹತ್ತು ಬೆರಳು ತೋರಿಸಿ, ಮತ್ತೆ ಒಂದು.

ಮೇಸ್ತ್ರಿಗೆ ಹೇಳಿದೆ: ಇಂಜೆಕ್ಷನ್ ಕೊಟ್ಟಿದೆ,
ಸಂಜೆಯವರೆಗೆ ಮಲಗಿರಬೇಕು.
ಪೊನ್ನಂಪೇಟೆಯ ಕಾನ್ವೆಂಟಿನಲ್ಲಿ
ಗುಮ್ಲಾ ಕಡೆಯ ಸಿಸ್ಟರ್ ಒಬ್ಬರಿದ್ದರು.
ಫೋನಿನಲ್ಲೇ ಎಲ್ಲ ಬಿಡಿಸಿ ಹೇಳಿದರು:
ಸುನೀತಾ ಅಲ್ಲ, ಎತ್ವಾರಿ. ಭಾನುವಾರ ಹುಟ್ಟಿದವಳು.
ಎರಡು ವರ್ಷದಿಂದ ಒಂದು ಭಾನುವಾರ ಕಂಡಿಲ್ಲ.
ಅಮ್ಮತ್ತಿ ಕಡೆಯ ಹಳೆಯ ಪಲ್ಪಿಂಗ್ ಶೆಡ್ಡು,
ಹೊರಗಿಂದ ಬೀಗ, ತೀರದ ಮುಂಗಡ.
ಅವರ ಮಾತಿನಲ್ಲಿ 'ಏನ್' ಅಂದರೆ 'ನಾನು'.
'ಅಮ್ಮ್' ಅಂದರೆ ನೀರು.

ನೀರು ಕೇಳಿದ್ದಳು. ನಾನು ತಲೆ ಸವರುತ್ತಿದ್ದೆ.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿದರು:
"ಲಾಂಡ್ರಿ ಹೊರಗುತ್ತಿಗೆ ಅಲ್ಲವಾ ಸಿಸ್ಟರ್,
ನಮಗೇನು ಸಂಬಂಧ?"
ಖರೀದಿ ವಿಭಾಗದವನು ಟೆಂಡರಿನ ಹಾಳೆ ತಂದ. ಎಲ್ಲರಿಗಿಂತ ಕಡಿಮೆ ದರ.
ಆ ದರದಲ್ಲಿ ಯಾರ ಸಂಬಳ ಹಿಡಿಸುತ್ತದೆ ಎಂದು
ಅವನೂ ಕೂಡಿಸಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.
ರಿಜಿಸ್ಟರು ತೆರೆದು ನನ್ನ ಸಹಿಗಳನ್ನು ತೋರಿಸಿದೆ.
"ಸಂಬಂಧ ಇಲ್ಲಿದೆ ಸರ್."
ಬಹಳ ಹೊತ್ತು ಸುಮ್ಮನಿದ್ದು ಫೋನೆತ್ತಿಕೊಂಡರು.

ಜೀಪುಗಳು ಹೋದದ್ದು ಕತ್ತಲಾಗುವ ಹೊತ್ತಿಗೆ.
ಹೊರಗೆ ಬಂದವರು ಹತ್ತು ಜನ.
ಒಬ್ಬನಿಗೆ ಇನ್ನೂ ಮೀಸೆ ಮೂಡಿರಲಿಲ್ಲ.

ಈಗ ಟೆಂಡರಿನಲ್ಲಿ ಮೂರು ಸಾಲು ಸೇರಿದೆ:
ಒಗೆಯುವವರು ಯಾರು, ಮಲಗುವುದು ಎಲ್ಲಿ,
ಅವರ ಕಾರ್ಡು ಯಾರ ಜೇಬಿನಲ್ಲಿ.
ತಿಂಗಳಿಗೊಮ್ಮೆ ಹೇಳದೆ ಕೇಳದೆ
ನಾನೇ ವ್ಯಾನು ಹತ್ತಿ ಹೋಗಿ ಬರುತ್ತೇನೆ.
ಶೀಟು ಮೊದಲಿನಷ್ಟು ಬಿಳಿ ಇಲ್ಲ ಎಂಬ ದೂರಿದೆ,
ಬಿಲ್ಲು ಹೆಚ್ಚಾಯಿತು ಎಂಬ ದೂರೂ ಇದೆ.

ನಿನ್ನೆ ರಾತ್ರಿ ಏಳನೇ ಬೆಡ್ಡಿನ ಅಜ್ಜ
"ಅಮ್ಮಾ" ಎಂದು ನರಳಿದಾಗ
ತಲೆ ಸವರುವ ಮೊದಲು ನೀರು ತರಿಸಿದೆ.
ಲೋಟ ತಂದಿಟ್ಟದ್ದು ಕ್ಯಾಂಟೀನಿನಲ್ಲಿ
ಪಾತ್ರೆ ತಿಕ್ಕುವ ಹುಡುಗ.
ಎಲ್ಲಿಯವನೋ.
ಇನ್ನೂ ಕೇಳಿಲ್ಲ.