ಬಿಚ್ಚಿದ ಕ್ರಮದ ಹಿಮ್ಮುಖ

ಕೈಪಿಡಿಯ ಎಪ್ಪತ್ತೊಂದನೇ ಪುಟ ಹೇಳುತ್ತದೆ:
ಜೋಡಿಸುವುದು, ಬಿಚ್ಚಿದ ಕ್ರಮದ ಹಿಮ್ಮುಖ.
ಅಷ್ಟೇ. ಮುಂದಿನ ಪುಟದಲ್ಲಿ ಬ್ರೇಕು ಶುರು.

ಬರೆದವನು ಎಸ್ಕೆಲ್ ಊರಿಗೆ ಬಂದವನಲ್ಲ.
ಇಲ್ಲಿ ನವೆಂಬರಿನ ಗಾಳಿ
ಕಳಚಿಟ್ಟ ವಾಷರನ್ನು ತಟ್ಟೆಯಿಂದ ಎತ್ತಿ
ಕೋಳಿಗೂಡಿನ ತನಕ ಉರುಳಿಸಿಕೊಂಡು ಹೋಗುತ್ತದೆ.
ಕೋಳಿ ಕುಕ್ಕಿ ನೋಡುತ್ತದೆ, ಕಾಳಲ್ಲ,
ನನ್ನನ್ನೇ ದುರುಗುಟ್ಟುತ್ತದೆ.

ನನ್ನದು ರೆನೊ ಹನ್ನೆರಡು, ಎಪ್ಪತ್ತೊಂಬತ್ತರ ಮಾಡೆಲ್ಲು.
ಒಂದು ಬಾಗಿಲು ನೀಲಿ,
ಉಳಿದವು ಒಂದು ಕಾಲಕ್ಕೆ ಬಿಳಿ.
ಸೋಮವಾರ ನಸುಕಿಗೆ ಹೊರಡಲೇಬೇಕು:
ಹಿಂದಿನ ಸೀಟು ಕಿತ್ತ ಜಾಗದಲ್ಲಿ ಎರಡು ಹಂಡೆ, ಈರುಳ್ಳಿ ಮೂಟೆ,
ತೊಂಬತ್ತು ಕಿಲೋಮೀಟರು ಜಲ್ಲಿ ದಾರಿ,
ಅದರ ತುದಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವ
ಹದಿನಾಲ್ಕು ಗಂಡಸರ ಹಸಿವು.
ಹಸಿವಿಗೆ ವಾಟರ್ ಪಂಪಿನ ಕಷ್ಟ ಹೇಳಿ ಪ್ರಯೋಜನವಿಲ್ಲ.

ಮೂರು ವಾರದಿಂದ ಸೋರುತ್ತಿತ್ತು.
ಬೆಳಿಗ್ಗೆ ಎದ್ದರೆ ಕಾರಿನಡಿ ಹಸಿರು ಚುಕ್ಕೆ,
ಆಮೇಲೆ ಹಸಿರು ತಟ್ಟೆ, ಆಮೇಲೆ ಕೆರೆ.
ಹೊಸದು ಕೊಮೊಡೊರೊದಿಂದ ಬಂತು, ರಾತ್ರಿ ಬಸ್ಸಿನಲ್ಲಿ,
ಯಾರದೋ ಸೈಕಲ್ಲಿನ ಕೆಳಗೆ ಸಿಕ್ಕಿ ಜಜ್ಜಿದ ರಟ್ಟಿನ ಡಬ್ಬಿ.
ಮೇಲೆ ಬರೆದ ನನ್ನ ಹೆಸರು ತಪ್ಪು,
ಒಳಗಿನ ಅಳತೆ ಸರಿ.

ಬೆಲ್ಟು ಬಂತು. ಫ್ಯಾನು ಬಂತು.
ಏಳು ಬೋಲ್ಟು ಒಳ್ಳೆಯ ಮಕ್ಕಳ ಹಾಗೆ ಎದ್ದು ಬಂದವು.
ಎಂಟನೆಯದು ಉಡದ ಪಟ್ಟು.
ಡೀಸೆಲ್ ಕುಡಿಸಿದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಜೋರಾಗಿ ತಟ್ಟಿದೆ.
ಬೈದೆ, ಅಜ್ಜಿಯ ಮಾಪುಚೆ ಮಾತಿನಲ್ಲಿ.
ಆ ಭಾಷೆಯಲ್ಲಿ ನನಗೆ ಉಳಿದಿರುವುದು
ಬೈಗುಳ, ಮತ್ತೆ ಬೆಂಕಿಗೆ ಇರುವ ಹೆಸರು.
ಪಾನಾ ಜಾರಿತು. ಬೆರಳ ಗೆಣ್ಣಿನ ಚರ್ಮ ರೇಡಿಯೇಟರಿನ ಪಾಲು.

ನನ್ನ ಹನ್ನೊಂದರ ಪಾನಾಕ್ಕೆ ಬಾಯಿ ಸವೆದಿದೆ.
ಸವೆಯದ ಹನ್ನೊಂದು ಬೇಲಿಯಾಚೆ ಇದೆ,
ತಮ್ಮ ಎಲಿಸೆಯೋನ ಶೆಡ್ಡಿನಲ್ಲಿ, ಮೊಳೆಗೆ ನೇತುಬಿದ್ದು.

ಎರಡು ವರ್ಷದ ಹಿಂದೆ ಇದೇ ಕಾರನ್ನು ಅವನು
ಮುಳ್ಳು ಕೆಂಪು ಮುಟ್ಟಿದ ಮೇಲೂ
ಆರು ಕಿಲೋಮೀಟರು ಓಡಿಸಿದ. ಎಂಜಿನ್ನಿನ ಹೆಡ್ಡು ಬಾಗಿತು.
ನಾನು ಅವನ ಮಕ್ಕಳೆದುರು, ಊಟದ ನಡುವೆ, ಒಂದು ಮಾತು ಆಡಿದೆ.
ಹೆಡ್ಡನ್ನು ತೇದು ಸಮ ಮಾಡಿಸಿದೆ, ದುಡ್ಡು ಕೊಟ್ಟೆ, ಮುಗಿಯಿತು.
ಮಾತನ್ನು ಹಲವು ರಾತ್ರಿ ಹಿಮ್ಮುಖ ಜೋಡಿಸಿ ನೋಡಿದೆ,
ಕೊನೆಯ ಪದದಿಂದ ಮೊದಲಿಗೆ.
ಸುತ್ತು ಕೂರುವುದಿಲ್ಲ.

ಮಧ್ಯಾಹ್ನ ಅವನು ಅಂಗಳದಲ್ಲಿ ನಿಂತು ಮಾತೇ ಹೀರುತ್ತಿದ್ದ,
ನನಗೆ ಬೆನ್ನು ಹಾಕಿ.
ಆದರೆ ಕಬ್ಬಿಣದ ಸದ್ದಿಗೆ ಬೆನ್ನಿಗೂ ಕಿವಿ ಇರುತ್ತದೆ:
ಪಾನಾ ಜಾರಿದ್ದು, ಜಾರಿದ್ದು ಯಾಕೆಂದು,
ಎಷ್ಟನೇ ನಂಬರಿನದೆಂದು ಅದಕ್ಕೆ ತಿಳಿದಿರುತ್ತದೆ.

ಕೈ ತೊಳೆದು ಬಟ್ಟೆ ಸುತ್ತಿಕೊಂಡು ಬಂದು ನೋಡಿದರೆ
ಬೇಲಿಯ ಗೂಟದ ಮೇಲೆ ಹನ್ನೊಂದರ ಪಾನಾ.
ಪಕ್ಕದಲ್ಲಿ ಮೂರಡಿ ಕೊಳವೆ, ಹಿಡಿಗೆ ಸಿಕ್ಕಿಸಿ ಎಳೆಯಲು.
ಅಂಗಳ ಖಾಲಿ.

ಕೊಳವೆ ಸಿಕ್ಕಿಸಿ, ಕಾಲು ಬಂಪರಿಗೆ ಒತ್ತಿ
ಇಡೀ ಮೈ ಜೋತುಬಿದ್ದೆ.
ಟಕ್ ಅಂತು.
ಮುರಿದ ಟಕ್ ಬೇರೆ, ಬಿಟ್ಟ ಟಕ್ ಬೇರೆ.
ಇದು ಬಿಟ್ಟದ್ದು.

ಉಳಿದದ್ದು ಸಂಜೆಯವರೆಗಿನ ತಾಳ್ಮೆ.
ಹಳೆ ಗ್ಯಾಸ್ಕೆಟ್ಟನ್ನು ಅಡುಗೆಯ ಚಾಕುವಿನಿಂದ ಕೆರೆದೆ,
ಸೀದ ಪಾತ್ರೆಯ ತಳ ಕೆರೆದ ಹಾಗೆ, ಅದೇ ಮಣಿಕಟ್ಟು.
ಹೊಸದನ್ನು ಕೂರಿಸಿದೆ, ಎದುರುಬದುರಾಗಿ ಬಿಗಿದೆ, ನೀರು ತುಂಬಿದೆ.
ಕೀಲಿ ತಿರುಗಿಸಿದರೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು,
ಹೊತ್ತಿಕೊಂಡಿತು.
ಮುಳ್ಳು ಮೇಲೆ ಬಂದು, ನಡುವೆ ನಿಂತು, ಅಲ್ಲೇ ಇತ್ತು.
ತಟ್ಟೆಯಲ್ಲಿ ಒಂದು ವಾಷರು ಉಳಿಯಿತು.
ಎಲ್ಲಿಯದೋ. ಕೋಳಿಯನ್ನು ಕೇಳಬೇಕು.

ಕೊಳವೆಯನ್ನು ಗೂಟಕ್ಕೆ ಒರಗಿಸಿ ಬಂದೆ.
ಪಾನಾ ನನ್ನ ಡ್ಯಾಶ್‌ಬೋರ್ಡಿನ ಮೇಲಿದೆ,
ಜಲ್ಲಿ ದಾರಿಗೆ ಗಲಗಲ ಅನ್ನುತ್ತ ಬರುತ್ತಿದೆ ನನ್ನ ಜೊತೆ.
ವಾಪಸು ಕೊಟ್ಟಿಲ್ಲ.
ಬೇಕಾದರೆ ಕೇಳಲಿ.
ಕೇಳುವುದಕ್ಕಾದರೂ ಬಾಯಿ ಬಿಡಬೇಕಲ್ಲ.