ಖಣದ ಚೂರು

ಬಾಗಲಕೋಟಿ ನವನಗರದ ಅಂಗಡ್ಯಾಗ
ನಾಕು ಲ್ಯಾಪ್‌ಟಾಪು ಬಾಯಿ ತಕ್ಕೊಂಡು ಕುಂತಾವ.
ತೌಸೀಫ ಒಪ್ಪಸ್ತಾನ: ರ‍್ಯಾಮು, ಕೋರು, ಹದಿನೆಂಟು ತಾಸಿನ ಬ್ಯಾಟರಿ.
ನಾ ಪರ್ಸಿನಿಂದ ಗುಳೇದಗುಡ್ಡದ ಖಣದ ಚೂರು ತಗದೆ.
ಇದರದ ಫೋಟೊ ಪೆನ್‌ಡ್ರೈವಿನಾಗೈತಿ,
ಎಲ್ಲಾದರಾಗೂ ಹಾಕಪಾ.

ಮೊದಲಿನದು ಹಗೂರ, ಒಂದು ಕೇಜಿ ಸುದ್ದಾ ಇಲ್ಲ;
ಕೆಂಪು ಮಾತ್ರ ಹಂಚಿನ ಬಣ್ಣ.
ಎರಡನೇದರಾಗ ಗುಲಾಬಿ.
ಮೂರನೇದು ಬಿಡು, ಅದರ ಫ್ಯಾನು ಹಿಟ್ಟಿನ ಗಿರಣಿ.
ನಾಕನೇದರಾಗ
ಬಟ್ಟಿ ಎಲ್ಲಿ ಮುಗೀತು, ಗಾಜು ಎಲ್ಲಿ ಸುರುವಾತು,
ತೌಸೀಫನೂ ಬಗ್ಗಿ ನೋಡಿದ.

ಎತ್ತಿದೆ. ಚಾರ್ಜರಿನ ಇಟ್ಟಿಗಿ ಕೂಡಿ ಮೂರು ಕೇಜಿ.
ಸೋಮವಾರ ಇಳಕಲ್ಲು, ಬುಧವಾರ ಕಮತಗಿ,
ನಿಂತ ಹೋಗೂ ಬಸ್ಸು,
ಎಡಭುಜ ಮೊದಲ ಮುನಿಸಿಕೊಂಡೈತಿ.

‘ಹಗೂರಂದು ಒಯ್ಯಿರಿ ಮೇಡಂ, ಬಣ್ಣದಾಗ ಏನೈತಿ?’

ಹ್ವಾದ ವರ್ಷ ಹಳೇ ಪರದೆ ನಂಬಿ
ನಾ ಕೊಟ್ಟ ನಕ್ಷಿ ಹಿಡದು
ಸಾವಕ್ಕ ಎಂಟು ದಿನ ನೇಯ್ದಳು.
ಬಿಸಿಲಿಗೆ ಒಯ್ದು ನೋಡಿ ಏನೂ ಅನಲಿಲ್ಲ.
ಒಳಗ ಹೋಗಿ ಮಗ್ಗದ ಹಾಸು ಕತ್ತರಿಸಿದಳು.

‘ನಾಕನೇದ ಕಟ್ಟು.
ಎರಡೂ ಹೆಗಲಿಗೆ ಹಾಕೂ ಚೀಲ ಐತೇನು?’

ಉತ್ತರ ಇಲ್ಲ.
ತೌಸೀಫ ಖಣದ ಚೂರು ಹಿಡಕೊಂಡು
ಗ್ವಾಡಿ ಮ್ಯಾಲಿನ ಟೀವಿ ಕಡೆ ನಡದಿದ್ದ.